ಹತ್ತನೆಯ ಪ್ರವಾಸಿ

ಬೈಲಹೊಂಗಲದ ಬಸಲಿಂಗಪ್ಪನ ನಡುಮನೆಯ ಗೋಡೆಯಲ್ಲಿ ಒಂದು ಮೊಳೆ, ಆ ಮೊಳೆಗೆ ಒಂದು ಸೀಟಿ. ಮೂವತ್ತೊಂದು ವರ್ಷ ಸವದತ್ತಿ ಮಾರ್ಗದ ಬೈಲಹೊಂಗಲ–ರಾಮದುರ್ಗ ಬಸ್ಸಿನ ಕಂಡಕ್ಟರನಾಗಿ ನಿವೃತ್ತನಾದ ಮೇಲೂ ಅವನು ಆ ಸೀಟಿಯನ್ನು ದಿನಕ್ಕೊಮ್ಮೆ ಒರೆಸಿ ತೂಗುಹಾಕುತ್ತಿದ್ದ. ೨೦೦೨ರ ಜನವರಿಯಲ್ಲಿ ಅದೇ ಮೊಳೆಗೆ ಇನ್ನೊಂದು ವಸ್ತು ಬಂದು ಜೋತುಬಿತ್ತು. ಅದು ವಿಶ್ವವಿದ್ಯಾಲಯದ ಪ್ರವಾಸೋದ್ಯಮ ಪದವಿಯ ನಿಯಮಾವಳಿ. ಸೊಸೆ ಮೀನಾ ಅದರ ಮೂಲೆಗೆ ತೂತು ಮಾಡಿ ದಾರ ಕಟ್ಟಿದ್ದಳು. ಕೆಳಗೆಲ್ಲಾದರೂ ಇಟ್ಟರೆ ಅತ್ತೆ ರಾಚವ್ವ ಅದರ ಮೇಲೆ ಚಹಾದ ಪಾತ್ರೆ ಇಟ್ಟುಬಿಡುತ್ತಿದ್ದಳು.

ಮೀನಾಳ ತವರು ಕಿತ್ತೂರು, ಕೋಟೆಯ ಬೆನ್ನಿಗೇ ಮನೆ. ಲಂಗ ಹಾಕುವ ವಯಸ್ಸಿನಿಂದಲೂ ಕೋಟೆ ನೋಡಲು ಬಂದವರ ಮುಂದೆ ಮುಂದೆ ಓಡಿ, ಇದು ಬಾವಿ, ಇದು ದೇವರ ಕೋಣೆ ಎಂದು ತೋರಿಸಿದವಳು. ಕೋಟೆಯ ಮುಂದೆ ನಿಂತು ವಿವರ ಹೇಳುವುದೇ ತನ್ನ ಕೆಲಸವಾಗಬೇಕೆಂದು ಮದುವೆಗೆ ಮೊದಲೇ ಅಂಚೆ ಶಿಕ್ಷಣಕ್ಕೆ ಹೆಸರು ಹಚ್ಚಿದ್ದಳು. ಆಮೇಲೆ ಮದುವೆಯಾಯಿತು. ರೊಟ್ಟಿ ಬಡಿಯುವುದು, ಸಗಣಿ ಬಾಚುವುದು, ನಾದಿನಿ ಶೀತಲಳ ಜಡೆ ಹಾಕುವುದು ಇವುಗಳ ನಡುವೆ ವರ್ಷಕ್ಕೆ ಎರಡು, ಕೆಲವು ವರ್ಷ ಮೂರು ವಿಷಯ ಎಂದು ಎಲ್ಲವನ್ನೂ ಮುಗಿಸಿದ್ದಳು. ಉಳಿದದ್ದು ಒಂದೇ ಒಂದು, ಪ್ರಾಯೋಗಿಕ ಪ್ರವಾಸ.

ಅಷ್ಟರಲ್ಲಿ, ಫೆಬ್ರುವರಿಯ ಮೊದಲ ವಾರ, ವಿಶ್ವವಿದ್ಯಾಲಯದ ಕಾಗದ ಬಂತು. ಪದವಿ ಮುಗಿಸಲು ಗರಿಷ್ಠ ಅವಧಿ ಆರು ವರ್ಷ, ಅದು ಈ ಜೂನಿಗೆ ತೀರುತ್ತದೆ, ಏಪ್ರಿಲ್ ಹದಿನೈದರೊಳಗೆ ಪ್ರವಾಸದ ವರದಿ ಬಾರದಿದ್ದರೆ ನೋಂದಣಿ ರದ್ದು, ಪಾಸಾದ ವಿಷಯಗಳೂ ರದ್ದು.

"ನಿಯಮ ಅಂದ್ರ ನನಗ ಬಿಡ್ರಿ," ಎಂದು ಬಸಲಿಂಗಪ್ಪ ಕನ್ನಡಕ ಏರಿಸಿ ಮೊಳೆಯಿಂದ ಪುಸ್ತಕ ಇಳಿಸಿದ. "ಹದಿನೇಳನೇ ನಿಯಮ. ಅಭ್ಯರ್ಥಿಯು ಹತ್ತಕ್ಕೆ ಕಡಿಮೆಯಿಲ್ಲದ ಪ್ರವಾಸಿಗರನ್ನು ಎರಡು ದಿನಗಳ ಪ್ರವಾಸಕ್ಕೆ ಕರೆದೊಯ್ಯತಕ್ಕದ್ದು. ಒಂದೇ ಮನೆಯ ಮೂವರಿಗಿಂತ ಹೆಚ್ಚು ಜನ ಇರತಕ್ಕದ್ದಲ್ಲ. ಇಷ್ಟ ಹೌದಲ್ಲೊ? ಹತ್ತ ಮಂದಿ ಏನ ದೊಡ್ಡದು, ನಾ ದಿನಾ ಎಂಬತ್ತ ಮಂದೀನ ಒಯ್ದೇನಿ."

"ಮುಂದ ಓದ್ರಿ ಮಾವಾರ, ಉಪನಿಯಮ ಐತಿ," ಎಂದಳು ಮೀನಾ ಸಣ್ಣ ದನಿಯಲ್ಲಿ.

"ಪ್ರವಾಸಿಗನೆಂದರೆ ತನ್ನ ವಾಸಸ್ಥಳವನ್ನು ಬಿಟ್ಟು ಇಪ್ಪತ್ತನಾಲ್ಕು ಗಂಟೆಗೆ ಕಡಿಮೆಯಿಲ್ಲದಂತೆ ಹೊರಗಿದ್ದು, ಬಾಡಿಗೆ ತೆತ್ತು ವಸತಿಗೃಹದಲ್ಲಿ ತಂಗುವವನು. ಬಂಧುಗಳ ಮನೆಯಲ್ಲಿ ತಂಗಿದವರನ್ನು ಪ್ರವಾಸಿಗರೆಂದು ಪರಿಗಣಿಸತಕ್ಕದ್ದಲ್ಲ. ವಸತಿಗೃಹದ ನೋಂದಣಿಯ ಪ್ರತಿಯನ್ನು ಲಗತ್ತಿಸತಕ್ಕದ್ದು."

ಒಲೆಯ ಮುಂದೆ ರೊಟ್ಟಿ ತಿರುವುತ್ತಿದ್ದ ರಾಚವ್ವನ ಕೈ ನಿಂತಿತು.

"ಲಾಜಿನಾಗ ಮಲಗೂದು?"

"ಹೌದ್ರಿ ಅತ್ತಿ."

"ಬಳಗದವರ ಮನಿ ಇದ್ದರೂ?"

"ಇದ್ದರೂ."

"ಇದನ್ನ ಬರದಾಂವಗ ಬಳಗನ ಇಲ್ಲೇನು? ಪಾಪ!" ಎಂದಳು ರಾಚವ್ವ. ರೊಟ್ಟಿ ಸೀದುಹೋಯಿತು.

ಆ ಭಾನುವಾರ ಮೀನಾಳ ಗಂಡ ಬಸವಲಿಂಗ ಪಂಪಸೆಟ್ ರಿಪೇರಿ ಅಂಗಡಿಗೆ ರಜೆ ಕೊಟ್ಟು, ಶೀತಲಳ ಕಾಲೇಜಿನ ನಕಾಶೆ ಹಾಸಿಕೊಂಡು ಕುಳಿತ. "ಲಾಜ್ ಇರಬೇಕು, ನಮ್ಮವ್ರು ಯಾರೂ ಇರಬಾರದು. ಅಂಥಾ ಊರ ಹುಡುಕೂಣು," ಎಂದ.

"ಕಿತ್ತೂರ?" ಎಂದಳು ಶೀತಲ.

"ನಮ್ಮಪ್ಪ ಲಾಜಿನ ಬಾಗಲಾಗ ಅಡ್ಡ ಮಲಗತಾನ," ಎಂದಳು ಮೀನಾ.

"ರಾಮದುರ್ಗ?"

"ಬಸ್ ಸ್ಟ್ಯಾಂಡಿನಿಂದ ಲಾಜಿಗೆ ಹೋಗೂದರಾಗ ನನ್ನ ಮೂರ ಮಂದಿ ಕಾಕಾನ ಮಕ್ಕಳ ಮನಿ ದಾಟಬೇಕು," ಎಂದ ಬಸಲಿಂಗಪ್ಪ. "ಮೂರೂ ಕಡೆ ಊಟಾ ಮಾಡಿ ಲಾಜಿಗೆ ಮುಟ್ಟೂದರಾಗ ಬೆಳಕ ಹರಿತೈತಿ."

"ಮುರಗೋಡ ಮಠದಾಗ?"

"ಅಲ್ಲಿ ಬಾಡಿಗಿ ತಗೊಳ್ಳೂದಿಲ್ಲ. ಬಾಡಿಗಿ ತೆತ್ತು ಅಂತ ಐತಿ," ಎಂದಳು ಮೀನಾ. ನಿಯಮಾವಳಿ ಅವಳಿಗೆ ಕಂಠಪಾಠವಾಗಿತ್ತು.

ಕೊನೆಗೆ ಉಳಿದದ್ದು ಸವದತ್ತಿ. ಅಲ್ಲಿ ಬಳಗದವರೆಂದರೆ ಒಬ್ಬಳೇ ಒಬ್ಬಳು, ರಾಚವ್ವನ ಬೆನ್ನಿಗೆ ಬಿದ್ದ ತಂಗಿ ಶೆಟ್ಟೆವ್ವ. ಗಂಡ ತೀರಿಕೊಂಡಿದ್ದ, ಮಗಳ ಮದುವೆಯಾಗಿತ್ತು. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿದ್ದ ಅವಳ ಮನೆಗೆ ದಿನ ಬೆಳಗಾದರೆ ದೇವಿಯ ಗುಡ್ಡಕ್ಕೆ ಹೋಗುವ ನೆಂಟರು, ಗುಡ್ಡದಿಂದ ಇಳಿದ ನೆಂಟರು.

"ಒಬ್ಬಾಕೀನ ಅಲ್ಲ?" ಎಂದ ಬಸವಲಿಂಗ.

"ಒಬ್ಬಾಕಿ. ಆದ್ರ ಹತ್ತ ಮಂದಿ ಸಮ," ಎಂದ ಬಸಲಿಂಗಪ್ಪ.

"ನನ್ನ ತಂಗಿ ಮನಿ ಮುಂದ ಹಾದು ನಾವು ಲಾಜಿಗೆ ಹೋದ್ರ ಆಕಿ ನನ್ನ ಮಣ್ಣಿಗೂ ಬರೂದಿಲ್ಲ!" ಎಂದು ರಾಚವ್ವ ಎದ್ದು ಹಿತ್ತಲಿಗೆ ನಡೆದಳು.

ಅಂದಿನಿಂದ ಮೂರು ವಾರ ಅವಳು ಸೊಸೆಯೊಂದಿಗೆ ನೇರವಾಗಿ ಮಾತಾಡಲಿಲ್ಲ. ಏನು ಹೇಳುವುದಿದ್ದರೂ ಎಮ್ಮೆಗೆ ಹೇಳುತ್ತಿದ್ದಳು. "ಕೇಳಿದೇನಬೇ, ಜ್ವಾಳಾ ತೀರಾಕ ಬಂದಾವು, ಗಿರಣಿಗೆ ಹೋಗೂದ ಐತಿ. ಪುಸ್ತಕದಾಗ ಬರದಿದ್ರ ಮಾತ್ರ ಹೋಗ್ರಿ." ಎಮ್ಮೆ ಸುಮ್ಮನೆ ಮೆಲುಕು ಹಾಕುತ್ತಿತ್ತು. ಮೀನಾ ಬುಟ್ಟಿ ಹೊತ್ತು ಗಿರಣಿಗೆ ಹೋಗುತ್ತಿದ್ದಳು.

ಒಂದು ದಿನ ಅವಳು ಅಂಗಡಿಗೆ ಬುತ್ತಿ ಒಯ್ದಾಗ ಗಂಡನನ್ನು ಕೇಳಿಯೇಬಿಟ್ಟಳು. "ಬಿಟ್ಟಬಿಡ್ಲೇನ್ರಿ? ನನ್ನ ಸಲುವಾಗಿ ಅಕ್ಕ-ತಂಗಿ ಯಾಕ ಅಗಲಬೇಕು?"

ಬಸವಲಿಂಗ ಎಣ್ಣೆಗೈಯಿಂದಲೇ ಡಬ್ಬಿಯ ಮುಚ್ಚಳ ತೆಗೆದ. "ನಿನ್ನ ಪರೀಕ್ಷಾ ಬಂದಾಗೊಮ್ಮೆ ಉಪ್ಪಿಲ್ಲದ ಪಲ್ಯಾ ತಿಂದೇನಿ. ಒಂದಲ್ಲ ಎರಡಲ್ಲ, ಆರ ವರ್ಷ. ಈಗ ಬಿಟ್ರ ಆ ಪಲ್ಯಾ ಎಲ್ಲಾ ದಂಡ ಆಗಿ ಹೋಗತಾವು. ಮಂದಿ ಕೂಡಸು."

ಮೀನಾ ಮಂದಿ ಕೂಡಿಸಲು ಹೊರಟಳು. ಮೊದಲು ಒಪ್ಪಿದವರು ಎದುರು ಮನೆಯ ನಿವೃತ್ತ ಶಿಕ್ಷಕ ವೆಂಕಣ್ಣ ಮಾಸ್ತರರು ಮತ್ತು ಅವರ ಹೆಂಡತಿ ಲೀಲಾಬಾಯಿ.

"ಬರ್ತೀನವಾ," ಎಂದರು ಲೀಲಾಬಾಯಿ. "ಆದ್ರ ಹೊರಗಿಂದು ನಾ ಏನೂ ತಿನ್ನೂದಿಲ್ಲ ನೋಡು. ನನ್ನ ಸ್ಟೋ, ನನ್ನ ಪಾತೇಲಿ, ನನ್ನ ನೀರು."

"ಒಂದ ಬಾವಿ ಅಷ್ಟ ಬಿಟ್ಟ ಬರತಾಳ," ಎಂದರು ಮಾಸ್ತರರು.

ಬಸಲಿಂಗಪ್ಪನ ಗೆಳೆಯ ನೀಲಪ್ಪ ಒಪ್ಪಿದ. ಓಣಿಯ ನಾಲ್ಕು ಮಂದಿ ಹೆಣ್ಣುಮಕ್ಕಳು ಒಂದೇ ಪ್ರಶ್ನೆ ಕೇಳಿದರು. "ಎರಡ ದಿನ ರೊಟ್ಟಿ ಬಡಿಯೂದು ಇಲ್ಲಲ್ಲ? ಹಂಗಾರ ಎಲ್ಲಿಗರ ಒಯ್ಯಿ." ಬಸಲಿಂಗಪ್ಪ ಮತ್ತು ಶೀತಲ ಸೇರಿ ಒಂಬತ್ತು. ಹತ್ತನೆಯವರಿಗಾಗಿ ಮೀನಾ ಮೂರು ಓಣಿ ತಿರುಗಿ ಬಂದಳು. ಲಾಜ್ ಎಂದ ಕೂಡಲೇ ಎಲ್ಲರಿಗೂ ಸವದತ್ತಿಯಲ್ಲಿ ಯಾರಾದರೊಬ್ಬರು ನೆನಪಾಗುತ್ತಿದ್ದರು.

ಅವತ್ತು ಮೀನಾ ಊಟಕ್ಕೆ ಕುಳಿತವಳು ತುತ್ತು ಎತ್ತಲಿಲ್ಲ. ರಾಚವ್ವ ಅದನ್ನು ನೋಡಿದಳು. ಕೊನೆಗೆ ಹಿತ್ತಲ ಬಾಗಿಲ ಕಡೆ ತಿರುಗಿ ಎಮ್ಮೆಗೆ ಹೇಳಿದಳು. "ಉಣ್ಣ ಅನ್ನು ಆಕೀಗೆ. ನಾ ಬರತೇನಿ ಅಂತ ಹೇಳು."

"ಯವ್ವಾ!" ಎಂದು ಶೀತಲ ಕೂಗಿದಳು.

"ಒದರಬ್ಯಾಡ. ಶೆಟ್ಟೆವ್ವಗ ಗೊತ್ತಾಗಬಾರದು. ನಾ ತಲಿ ತುಂಬ ಸೆರಗ ಹೊತ್ತು ಇಳಿತೇನಿ, ಸೆರಗ ಹೊತ್ತು ಏರತೇನಿ. ಮತ್ತ ಎಮ್ಮಿ ನನ್ನ ಬಿಟ್ಟು ಬ್ಯಾರೆದವರಿಗೆ ಹಾಲ ಕೊಡೂದಿಲ್ಲ. ಬಸವಲಿಂಗ, ನನ್ನ ಹಸರ ಸೀರಿ ಉಟಗೊಂಡು ಹಿಂಡು."

"ನಾನಽ?"

"ನಿನ್ನ ಹೆಂಡ್ತಿ ಡಿಗ್ರಿ ಅಲ್ಲೇನಲೇ?"

ಮಾರ್ಚ್ ತಿಂಗಳ ಮೊದಲ ಶನಿವಾರ ಬೆಳಿಗ್ಗೆ ಸತ್ಯಪ್ಪನೆಂಬ ಚಾಲಕನ ಟ್ರ್ಯಾಕ್ಸ್ ಗಾಡಿ ಬಾಗಿಲಿಗೆ ಬಂತು. ರೊಟ್ಟಿಯ ಗಂಟು, ಶೇಂಗಾ ಚಟ್ನಿಯ ಡಬ್ಬಿ, ಲೀಲಾಬಾಯಿಯವರ ಸ್ಟೋ ಎಲ್ಲ ಏರಿದವು. ಬಸಲಿಂಗಪ್ಪ ಮೊಳೆಯಿಂದ ಸೀಟಿ ತೆಗೆದು ಕೊರಳಿಗೆ ಹಾಕಿಕೊಂಡ.

"ಮಾವಾರ, ಅದು ಯಾಕ್ರಿ?"

"ಸೀಟಿ ಇಲ್ಲದ ಗಾಡಿ ಬಿಟ್ಟ ಗೊತ್ತಿಲ್ಲ ನನಗ." ಎಣಿಸಿದ, ಊದಿದ. ಗಾಡಿ ಹೊರಟಿತು. ಹಿಂದೆ ಹಿತ್ತಲಲ್ಲಿ ಹಸಿರು ಸೀರೆ ಉಟ್ಟ ಬಸವಲಿಂಗನನ್ನು ನೋಡಿ ಎಮ್ಮೆ ಒಂದು ಹೆಜ್ಜೆ ಹಿಂದೆ ಸರಿದಿತ್ತು.

ಕಿತ್ತೂರಿನಲ್ಲಿ ಮೀನಾ ಬೇರೆಯೇ ಹೆಂಗಸಾದಳು. ಮನೆಯಲ್ಲಿ ಮಾತು ಹುಡುಕುವವಳು ಕೋಟೆಯ ಬಾಗಿಲಲ್ಲಿ ನಿಂತು, ಗೋಡೆಯ ದಪ್ಪ ಎಷ್ಟು, ಅರಮನೆಗೆ ನೀರು ಹೇಗೆ ಹರಿಯುತ್ತಿತ್ತು, ಯಾವ ಕಂಬದ ಗುರುತು ಎಲ್ಲಿ ಉಳಿದಿದೆ ಎಂದು ಒಂದೇ ಸಮ ಹೇಳಿದಳು. ರಾಚವ್ವ ಸೆರಗು ಸರಿಸಿ ಬಾಯಿ ತೆರೆದು ಕೇಳಿದಳು. "ಇಷ್ಟ ಮಾತು ಎಲ್ಲಿ ಇಟ್ಟಿದ್ದಿ?" ಎಂದಳು. ಮೂರು ವಾರದ ನಂತರ ಎಮ್ಮೆಯ ಮಧ್ಯಸ್ಥಿಕೆ ಇಲ್ಲದೆ ಆಡಿದ ಮೊದಲ ಮಾತು ಅದು. ಅಷ್ಟರಲ್ಲಿ ಮೀನಾಳ ಅಪ್ಪ ಶಂಕರೆಪ್ಪ ಕೆಟಲಿನಲ್ಲಿ ಚಹಾ ಹಿಡಿದು ಕೋಟೆಗೇ ಬಂದ. "ನಿಮ್ಮ ನಿಯಮದಾಗ ಮಲಗಬಾರದು ಅಂತ ಐತಿ. ಚಹಾಕ್ಕ ಅಡ್ಡಿ ಐತೇನವಾ?" ಎಂದು ಕೇಳಿದ. ಮೀನಾ ಮನಸ್ಸಿನಲ್ಲೇ ಪುಸ್ತಕ ತಿರುವಿ ನೋಡಿ, ಇಲ್ಲ ಎಂದಳು.

ಮುರಗೋಡ ಮಠದ ದರ್ಶನ ಮುಗಿಸಿ ಸಂಜೆ ಏಳಕ್ಕೆ ಸವದತ್ತಿಯ ಬಸ್ ಸ್ಟ್ಯಾಂಡಿನ ಎದುರಿನ ಲಾಜಿನ ಮುಂದೆ ಇಳಿದರು. ರಾಚವ್ವ ಹೇಳಿದಂತೆಯೇ ಗದ್ದದವರೆಗೆ ಸೆರಗು ಎಳೆದು, ಓಣಿಯ ಹೆಣ್ಣುಮಕ್ಕಳ ನಡುವೆ ನುಸುಳಿ ಒಳಗೆ ಸೇರಿದಳು. ಎಲ್ಲ ಸುರಳೀತ ಆಗುತ್ತಿತ್ತು. ಆದರೆ ಬಸಲಿಂಗಪ್ಪ ಎಲ್ಲರೂ ಇಳಿದದ್ದನ್ನು ಎಣಿಸಿ, ಮೂವತ್ತೊಂದು ವರ್ಷದ ರೂಢಿಯಂತೆ, ಉದ್ದಕ್ಕೆ ಸೀಟಿ ಊದಿಬಿಟ್ಟ.

ಬಸ್ ಸ್ಟ್ಯಾಂಡಿಗೆ ಬಸ್ ಸ್ಟ್ಯಾಂಡೇ ಇತ್ತ ತಿರುಗಿತು. "ಓಹೋ, ಬಸಲಿಂಗಪ್ಪ ಕಂಡಕ್ಟರು!" ಎಂದು ಪಾನಿನ ಅಂಗಡಿಯವನು, ಹೂವಿನವಳು, ಹಮಾಲರು ಎಲ್ಲ ಕೂಗಿದರು. ಆ ಗದ್ದಲದಲ್ಲಿ ನೀಲಪ್ಪನ ಹೆಂಡತಿಯ ಅಣ್ಣನೂ ಇದ್ದ. "ಭಾವಾ, ನಮ್ಮೂರಿಗೆ ಬಂದು ಲಾಜ್?" ಎಂದು ನೀಲಪ್ಪನ ಕೈ ಹಿಡಿದವನು ಬಿಡಲಿಲ್ಲ. ನೀಲಪ್ಪ ಹಿಂದೆ ತಿರುಗಿ ತಿರುಗಿ ನೋಡುತ್ತ, ಆದರೆ ಕಾಲು ಮಾತ್ರ ಮುಂದೆ ಮುಂದೆ ಇಡುತ್ತ ಹೋದ. ಆ ಮನೆಯಲ್ಲಿ ಅವತ್ತು ಹೋಳಿಗೆ ಎಂದು ಆಮೇಲೆ ತಿಳಿಯಿತು.

"ಒಂಬತ್ತ ಆದ್ರು," ಎಂದು ಮೀನಾ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಆರು ವರ್ಷ ಕಣ್ಣ ಮುಂದೆ ಹಾದುಹೋಯಿತು.

"ಹತ್ತ ಅಂತ ಬರದಬಿಡ ವೈನಿ. ಯಾರ ನೋಡಾಕ ಬರತಾರ?" ಎಂದಳು ಶೀತಲ.

"ನೋಂದಣಿಯೊಳಗ ಸಹಿ ಬೇಕಲ್ಲ," ಎಂದರು ವೆಂಕಣ್ಣ ಮಾಸ್ತರರು.

ಅಷ್ಟರಲ್ಲಿ ಓಣಿಯ ತಿರುವಿನಿಂದ ದನಿ ಬಂತು. ದನಿಯ ಹಿಂದೆ ಶೆಟ್ಟೆವ್ವ ಬಂದಳು. ತಲೆಯ ಮೇಲೆ ರೊಟ್ಟಿಯ ಬುಟ್ಟಿ, ಸೊಂಟದಲ್ಲಿ ಕೀಲಿಕೈ.

"ಎಲ್ಲಿ ಅದಾಳ ನಮ್ಮಕ್ಕ? ಹೊರಗ ಬಾ ಅನ್ರಿ! ಮೂವತ್ತ ವರ್ಷದಾಗ ಸವದತ್ತಿಗೆ ಬಂದ ಪರಊರಿನ ನಾಯಿ ಸುದ್ದಾ ನನ್ನ ಮನ್ಯಾಗ ಉಂಡ ಹೋಗೇತಿ. ನನ್ನ ಒಡಹುಟ್ಟಿದಾಕಿಗೆ ಲಾಜ್ ಬೇಕಾತು?"

ಶೆಟ್ಟೆವ್ವ ಒಳಗಿನ ಕೋಣೆಗೆ ನುಗ್ಗಿದಾಗ ರಾಚವ್ವ ಮಂಚದ ಮೇಲೆ ಮುಸುಕು ಹಾಕಿ ಮಲಗಿದ್ದಳು.

"ಅಕ್ಕಾ, ಮುಸುಕ ತಗಿ. ಕಾಲ ನೋಡಿ ಗುರ್ತ ಹಿಡದೇನಿ. ಆ ಕಾಲುಂಗರಾ ನಾನ ಕೊಡಿಸಿದ್ದು."

"ನಂದೇನ ತಪ್ಪಿಲ್ಲಬೇ," ಎಂದಿತು ಮುಸುಕು. "ಪುಸ್ತಕದಾಗ ಹಂಗ ಬರದಾರ."

ಮೀನಾ ನಿಯಮಾವಳಿ ತೆರೆದು ಓದಿದಳು. "ತಪ್ಪು ನಂದ್ರಿ ಸಣ್ಣತ್ತಿ. ನಿಮಗ ಮೊದಲ ಹೇಳಬೇಕಾಗಿತ್ತು, ಧೈರ್ಯ ಆಗಲಿಲ್ಲ. ಹೆಂಗೂ ಈಗ ಹತ್ತ ಮಂದಿ ಇಲ್ಲ. ಮುಗೀತು. ನಡೀರಿ, ಎಲ್ಲಾರೂ ನಿಮ್ಮ ಮನಿಗೇ ಬರತೇವಿ."

ಶೆಟ್ಟೆವ್ವ ಅವಳ ಮುಖ ನೋಡಿದಳು. ಬುಟ್ಟಿ ಇಳಿಸಿದಳು. "ಈಗ ಯಾಕ ಬರತೀರಿ? ಮನಿಗೆ ಕೀಲಿ ಹಾಕಿ ಬಂದೇನಿ. ನೀವು ನನ್ನ ಮನಿಗೆ ಬರಲಿಲ್ಲ ಅಂದ್ರ ನಾನ ಇಲ್ಲಿ ಇರತೇನಿ. ಅದ್ಯಾಂಗ ಕಳಸ್ತೀರಿ ನೋಡತೇನಿ!" ಎಂದು ಅಕ್ಕನ ಪಕ್ಕದ ಮಂಚದ ಮೇಲೆ ಕುಳಿತಳು. ಕುಳಿತು ಗಾದಿಯನ್ನು ಒಮ್ಮೆ ಒತ್ತಿದಳು. ಮತ್ತೊಮ್ಮೆ ಒತ್ತಿದಳು.

ಲಾಜಿನ ಮ್ಯಾನೇಜರ್ ಬಾಗಿಲಲ್ಲಿ ನಿಂತು ಕೆಮ್ಮಿದ. "ಇರೂದಿದ್ರ ಹೆಸರ ಬರಸಬೇಕ್ರಿ ಅಮ್ಮಾರ, ಬಾಡಿಗಿ ಕೊಡಬೇಕ್ರಿ."

"ನಾ ಕೊಡತೇನ್ರಿ," ಎಂದು ಮೀನಾ ಎದ್ದಳು.

"ನೀ ಯಾಕ ಕೊಡತಿ? ನನ್ನೂರಾಗ ನನಗ ಬಾಡಿಗಿ ತುಂಬಿ ಮಾನಾ ಕಳೀತೇನು?" ಎಂದು ಶೆಟ್ಟೆವ್ವ ಸಂಚಿ ಬಿಚ್ಚಿ ತಾನೇ ಎಣಿಸಿ ಕೊಟ್ಟಳು.

ಮ್ಯಾನೇಜರ್ ದೊಡ್ಡ ಪುಸ್ತಕ ತೆರೆದ. "ಊರು?"

ಬಸಲಿಂಗಪ್ಪ ಬಗ್ಗಿ ಪಿಸುಗುಟ್ಟಿದ. "ಮುನವಳ್ಳಿ ಅಂತ ಬರಸು. ಇಲ್ಲಂದ್ರ ಪ್ರವಾಸಿ ಅನ್ನೂದಿಲ್ಲ."

ಮೀನಾ ಪುಸ್ತಕದ ಖಾಲಿ ಸಾಲು ನೋಡಿದಳು. ಹತ್ತು ಎಂಬ ಸಂಖ್ಯೆ ಕೈಗೆ ಸಿಕ್ಕಿತ್ತು, ಒಂದು ಊರಿನ ಹೆಸರು ಬದಲಿಸಿದರೆ ಸಾಕಿತ್ತು. "ಬ್ಯಾಡ್ರಿ ಮಾವಾರ," ಎಂದಳು. "ಸುಳ್ಳ ಬರಸಿ ಪಾಸಾದ್ರ ನಾಳೆ ಕೋಟಿ ಮುಂದ ನಿಂತು ಖರೇ ಹೇಳಾಕ ಬಾಯಿ ಬರೂದಿಲ್ಲ. ಸವದತ್ತಿ ಅಂತ ಬರೀರಿ. ಬಸ್ ಸ್ಟ್ಯಾಂಡಿನ ಹಿಂದಿನ ಓಣಿ."

ಆಗ ಗೋಡೆಯ ಗಡಿಯಾರದಲ್ಲಿ ಏಳೂವರೆ. ಮೀನಾ ಅದನ್ನೂ ಬರೆದುಕೊಂಡಳು.

ಮರುದಿನ ಬೆಳಿಗ್ಗೆ ಎಲ್ಲರೂ ಎದ್ದರು, ಚಹಾ ಆಯಿತು, ಲೀಲಾಬಾಯಿಯವರ ಸ್ಟೋ ಹೊತ್ತಿ ಆರಿತು. ಶೆಟ್ಟೆವ್ವ ಮಾತ್ರ ಏಳಲಿಲ್ಲ. ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು.

"ಜಡ್ಡ ಬಂತೇನು?" ಎಂದು ಒಬ್ಬಳು ಕೇಳಿದಳು.

"ಶ್!" ಎಂದಳು ರಾಚವ್ವ. "ನಸುಕಿನ್ಯಾಗ ಎದ್ದು ಅಂಗಳಾ ಹೊಡಿಯಾಕಿ. ನೆಂಟ್ರ ಏಳೂದರಾಗ ಎರಡ ಬುಟ್ಟಿ ರೊಟ್ಟಿ ಮಾಡಾಕಿ. ಆಕಿ ನನಗಿಂತ ಆಮ್ಯಾಲ ಎದ್ದದ್ದು ಆಕಿ ಹುಟ್ಟಿದಾಗಿಂದ ನೋಡಿಲ್ಲ. ಮಲಕೊಳ್ಳಲಿ." ಹನ್ನೊಂದು ಜನ ಕಾಲಪ್ಪಳಿಸದೆ ಓಡಾಡಿದರು. ಬಸಲಿಂಗಪ್ಪ ಸೀಟಿಯನ್ನು ಅಂಗಿಯೊಳಗೆ ಹಾಕಿಕೊಂಡ.

ಹನ್ನೊಂದನೆಯವನು ನೀಲಪ್ಪ. ಹೋಳಿಗೆಯ ತುಪ್ಪದಲ್ಲಿ ಹೊಳೆಯುವ ಮುಖ ಹೊತ್ತು ಮರಳಿದ್ದ. "ನನ್ನ ಹೆಸರ ಇರಲಿ ಬಿಡವಾ," ಎಂದ. ಮೀನಾ ಅವನ ಮುಂದೆಯೇ ಪಟ್ಟಿಯಿಂದ ಅವನ ಹೆಸರು ಹೊಡೆದುಹಾಕಿದಳು.

ಶೆಟ್ಟೆವ್ವ ಎದ್ದು, ಎಲ್ಲರೂ ತನ್ನನ್ನೇ ನೋಡುತ್ತಿರುವುದು ಕಂಡು ನಾಚಿದಳು. "ಮನಿಗೆ ಹೋಗತೇನಿ," ಎಂದಳು.

"ಹೋಗಬ್ಯಾಡ್ರಿ ಸಣ್ಣತ್ತಿ! ಇಪ್ಪತ್ತನಾಲ್ಕ ತಾಸ ಆಗಬೇಕು. ನೀವು ಏಳೂವರಿಗೆ ಹೆಸರ ಬರಸೀರಿ, ಇವತ್ತ ಏಳೂವರಿ ತನಕಾ ಮನಿ ಹೊಸ್ತಲಾ ತುಳಿಯೂಹಂಗಿಲ್ಲ."

ಹೀಗೆ ಶೆಟ್ಟೆವ್ವ ನವಿಲುತೀರ್ಥದ ಅಣೆಕಟ್ಟು ನೋಡಿದಳು. ಅವಳ ಮನೆಯಿಂದ ಅದು ಬಹಳ ದೂರವೇನಲ್ಲ. ಅದನ್ನು ನೋಡಲು ಹೊರಟ ನೂರಾರು ನೆಂಟರಿಗೆ ಅವಳು ಬುತ್ತಿ ಕಟ್ಟಿ ಕಳಿಸಿದ್ದಳು. "ಇಷ್ಟ ನೀರ ಐತೇನ ಇಲ್ಲಿ!" ಎಂದು ಕಟ್ಟೆಯ ಮೇಲೆ ನಿಂತವಳನ್ನು ಗಾಡಿಗೆ ಹತ್ತಿಸಲು ಮೂರು ಸಲ ಸೀಟಿ ಊದಬೇಕಾಯಿತು. ತೊರಗಲ್ಲಿನ ಕೋಟೆಯಲ್ಲಿ ಮೀನಾಳ ವಿವರಣೆಯನ್ನು ಅತಿ ಹತ್ತಿರ ನಿಂತು ಕೇಳಿದವಳೂ, ಅಗಸೆ ಬಾಗಿಲಿನಿಂದ ಬುರುಜಿನವರೆಗೆ ಏರಿದವಳೂ ಅವಳೇ. ರಾಮದುರ್ಗದಲ್ಲಿ ಬಸಲಿಂಗಪ್ಪನ ಕಾಕಾನ ಮಕ್ಕಳ ಮನೆಗಳನ್ನು ದಾಟುವಾಗ ಎಲ್ಲರೂ ಸೀಟಿನ ಕೆಳಗೆ ತಲೆ ಬಗ್ಗಿಸಿ ಕುಳಿತರು.

ಸಂಜೆ ಮರಳಿ ಸವದತ್ತಿಯಲ್ಲಿ ಶೆಟ್ಟೆವ್ವನ ಬಾಗಿಲ ಮುಂದೆ ಗಾಡಿ ನಿಂತಾಗ ಏಳು ಗಂಟೆ ಹತ್ತು ನಿಮಿಷ. "ಇಳೀಲೇನು?" ಎಂದಳು ಅವಳು. "ಇಪ್ಪತ್ತ ಮಿನಿಟ್ ಐತಿ," ಎಂದ ಬಸಲಿಂಗಪ್ಪ, ಗಡಿಯಾರ ಹಿಡಿದು. ತನ್ನ ಮನೆಯ ಮುಂದೆ ತಾನೇ ನೆಂಟಳಂತೆ ಶೆಟ್ಟೆವ್ವ ಇಪ್ಪತ್ತು ನಿಮಿಷ ಗಾಡಿಯಲ್ಲಿ ಕುಳಿತಳು. ಓಣಿಯವರು ಬಂದು ಏನಾಯಿತೆಂದು ಕೇಳಿ ಹೋದರು. ಆ ಬಿಡುವಿನಲ್ಲೇ ಶೀತಲ ಅವಳಿಂದ ಅಭಿಪ್ರಾಯ ಪತ್ರ ತುಂಬಿಸಿಕೊಂಡಳು. ಏಳೂವರೆಗೆ ಸೀಟಿ ಕೂಗಿತು, ಶೆಟ್ಟೆವ್ವ ಇಳಿದಳು. "ಮತ್ತ ಯಾವಾಗ ಬಿಡತೀರಿ ಗಾಡಿ?" ಎಂದು ಕೇಳಿ ಒಳಗೆ ಹೋದಳು.

ವರದಿ ಹೋಯಿತು. ಮೌಖಿಕ ಪರೀಕ್ಷೆ ಮೇ ತಿಂಗಳಲ್ಲಿ. ಅಲ್ಲಿಯವರೆಗೆ ಮೀನಾ ಚಹಾಕ್ಕೆ ಎರಡು ಸಲ ಉಪ್ಪು ಹಾಕಿದಳು, ಬಸವಲಿಂಗ ಎರಡು ಸಲವೂ ಮಾತಾಡದೆ ಕುಡಿದ.

ಪರೀಕ್ಷಕರು ವಯಸ್ಸಾದವರು. ಮುಂದೆ ಅದೇ ನಿಯಮಾವಳಿ ಇತ್ತು, ಅವರದಕ್ಕೆ ದಾರ ಇರಲಿಲ್ಲ. ಕೋಟೆಗಳ ಬಗ್ಗೆ ಕೇಳಿದ್ದಕ್ಕೆಲ್ಲ ಅವಳು ಉತ್ತರ ಕೊಟ್ಟಳು. ಆಮೇಲೆ ಅವರು ನೋಂದಣಿಯ ಪ್ರತಿಯ ಮೇಲೆ ಬೆರಳಿಟ್ಟರು.

"ಹತ್ತನೇ ಪ್ರವಾಸಿ. ವಿಳಾಸ ಸವದತ್ತಿ. ಲಾಜ್ ಸವದತ್ತಿ. ಈ ಅಮ್ಮಾರ ಮನಿ ಲಾಜಿನಿಂದ ಎಷ್ಟ ದೂರ ಅದ?"

"ಮುನ್ನೂರ ಹೆಜ್ಜಿ ಆಗಬಹುದ್ರಿ."

"ಮತ್ತ ಇವರು ಪ್ರವಾಸಿ ಹೆಂಗ ಆದ್ರು?"

ಮೀನಾಳಿಗೆ ತಾನು ಮನೆಯಲ್ಲಿ ನೂರು ಸಲ ಹೇಳಿಕೊಂಡ ಉತ್ತರವೆಲ್ಲ ಮರೆತುಹೋಯಿತು. ನಿಯಮ ಮಾತ್ರ ನೆನಪಿತ್ತು. "ವಾಸಸ್ಥಳ ಬಿಟ್ಟಿದ್ರ್ರಿ, ಕೀಲಿ ಹಾಕಿ ಬಂದಿದ್ರು. ಇಪ್ಪತ್ತನಾಲ್ಕ ತಾಸ ಪೂರಾ ಹೊರಗಿದ್ರು. ಬಾಡಿಗಿ ಸ್ವಂತ ಕೊಟ್ಟಾರ. ಬಂಧುಗಳ ಮನ್ಯಾಗ ಮಲಗಿಲ್ಲ. ಎಷ್ಟ ದೂರ ಹೋಗಬೇಕು ಅಂತ ಪುಸ್ತಕದಾಗ ಬರದಿಲ್ರಿ ಸರ್."

ಪರೀಕ್ಷಕರು ಪುಸ್ತಕ ತಿರುವಿದರು. ಹಿಂದಿನಿಂದ ಮುಂದಕ್ಕೆ, ಮುಂದಿನಿಂದ ಹಿಂದಕ್ಕೆ. ಬರೆದಿರಲಿಲ್ಲ. ಬಳಿಕ ಶೆಟ್ಟೆವ್ವನ ಅಭಿಪ್ರಾಯ ಪತ್ರ ಎತ್ತಿಕೊಂಡರು. "ವಸತಿ: ಗಾದಿ ಮೆತ್ತಗಿದೆ. ಆಹಾರ: ನನ್ನ ರೊಟ್ಟಿಯೇ ತಿಂದರು. ಪ್ರವಾಸದ ಉದ್ದೇಶ..." ಅವರು ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು. "ಜಗಳ?"

"ಹಂಗ ಬರಸಿದ್ರ್ರಿ. ನಾ ತಿದ್ದಲಿಲ್ಲ."

"ಪಠ್ಯದಾಗ ಪ್ರವಾಸದ ಉದ್ದೇಶ ಎಷ್ಟ ಹೇಳ್ಯಾರ? ತೀರ್ಥಯಾತ್ರೆ, ವಿಹಾರ, ವ್ಯಾಪಾರ..."

"...ಬಂಧುಮಿತ್ರರ ಭೇಟಿ," ಎಂದು ಮೀನಾ ಮುಗಿಸಿದಳು. ಮುಗಿಸಿದ ಮೇಲೆ ಅವಳಿಗೇ ಹೊಳೆಯಿತು. "ಸರ್, ಅವರ ಬಂಧುಗಳು ಲಾಜಿನಾಗ ಇದ್ರ್ರಿ."

ಪರೀಕ್ಷಕರ ಹೊಟ್ಟೆ ಕುಲುಕಲು ಶುರುವಾಯಿತು. ನಕ್ಕು ನಕ್ಕು ನೀರು ಕುಡಿದು, ಅಂಕದ ಕಾಗದದ ಮೇಲೆ ಏನನ್ನೋ ಬರೆದರು. "ನಮ್ಮ ಮಾವನ ಮನಿನೂ ಸವದತ್ತಿನಽ," ಎಂದರು. "ಲಾಜಿನ ಗಾದಿ ಖರೇನ ಮೆತ್ತಗ ಅದಾವೇನವಾ?"

ಜುಲೈಯಲ್ಲಿ ಮೀನಾ ಪಾಸಾದ ಕಾಗದ ಬಂತು. ಬಸಲಿಂಗಪ್ಪ ಅದನ್ನು ಮೂರು ಸಲ ಗಟ್ಟಿಯಾಗಿ ಓದಿ ಮೊಳೆಗೆ ಸಿಕ್ಕಿಸಿದ. ರಾಚವ್ವ ಹಿತ್ತಲಿಗೆ ಹೋಗಿ ಎಮ್ಮೆಗೂ ಹೇಳಿ ಬಂದಳು. ಅದೇ ಅಂಚೆಯಲ್ಲಿ ಶೆಟ್ಟೆವ್ವನದೊಂದು ಕಾರ್ಡು, ಯಾರಿಂದಲೋ ಬರೆಸಿದ್ದು. ಶೀತಲ ಓದಿದಳು.

"ಪಂಚಮಿಗೆ ಬೈಲಹೊಂಗಲಕ್ಕ ಬರತೇನಿ. ಎರಡ ದಿನ ಇರತೇನಿ. ಬಸ್ ಸ್ಟ್ಯಾಂಡಿನ ಹತ್ತರ ಲಾಜ್ ಐತಂತ ಕೇಳೇನಿ. ಮೀನಾ ಒಂದ ಖೋಲಿ ಹಿಡದಿಡಲಿ. ಯಾರೂ ತೊಂದ್ರಿ ಮಾಡಕೋಬ್ಯಾಡ್ರಿ."

ರಾಚವ್ವನ ಕೈಯಲ್ಲಿದ್ದ ಹಿಟ್ಟಿನ ಉಂಡೆ ನಾದುವ ಕೊಣಮಿಗೆಯಲ್ಲಿ ಬಿತ್ತು. "ಏನಂದಿ? ಲಾಜ್? ನಾ ಇಲ್ಲಿ ಗುಂಡಕಲ್ಲಿನಂಗ ಬದಕಿರಬೇಕಾರ ನನ್ನ ತಂಗಿ ಲಾಜಿನಾಗ? ನೋಡಿದ ಮಂದಿ ಏನಂದಾರು? ಬರಲಿ ಆಕಿ! ನಮ್ಮ ಮನಿಗೆ ಕೀಲಿ ಹಾಕಿ, ರೊಟ್ಟಿ ಬುಟ್ಟಿ ಹೊತ್ತು, ನಾನೂ ಅಲ್ಲೇ ಹೋಗಿ ಆಕಿ ಬಾಜೂಕ ಮಲಗಲಿಲ್ಲ ಅಂದ್ರ ಕೇಳ್ರಿ!"

ಬಸವಲಿಂಗ ಗಾಬರಿಯಿಂದ ಹಗ್ಗದ ಮೇಲೆ ಒಣಹಾಕಿದ್ದ ಹಸಿರು ಸೀರೆಯ ಕಡೆ ನೋಡಿದ.

ಮೀನಾ ಹಿಟ್ಟಿನ ಉಂಡೆ ಎತ್ತಿ ಅತ್ತೆಯ ಕೈಗೆ ಕೊಟ್ಟಳು. "ಅಗದೀ ಹೋಗ್ರಿ ಅತ್ತಿ," ಎಂದಳು. "ಆದ್ರ ಇಪ್ಪತ್ತನಾಲ್ಕ ತಾಸಿನೊಳಗ ಬರಬ್ಯಾಡ್ರಿ."